ಗುಜರಿಗೆ ಹೋದ ಕಬ್ಬಿಣಕ್ಕೂ ಸಂಡೂರಿನ ಗುಡ್ಡಕ್ಕೂ ಏನು ಸಂಬಂಧ?

ಕಸ ಬೇರೆ ಮಾಡಿ ಕೊಡಿ ಅಂದ ತಕ್ಷಣ ಸುಮಾರು ಜನ ಕೇಳೋದು ಒಂದೇ ಪ್ರಶ್ನೆ, ನಾನೊಬ್ಬ ಬೇರೆ ಮಾಡಿದ್ರೆ ಏನಾಗತ್ತೆ, ಕೊನೆಗೆ ಎಲ್ಲಾ ಒಂದೇ ಲಾರಿಗೆ ಸುರೀತಾರಲ್ವಾ ಅಂತ. ಕೇಳೋದ್ರಲ್ಲಿ ತಪ್ಪಿಲ್ಲ, ಕೆಲವು ಕಡೆ ಹಾಗೆ ಸುರಿಯೋದೂ ನಿಜ. ಆದ್ರೆ ರೀಸೈಕಲ್ ಅನ್ನೋ ಕೆಲ್ಸ ಯಾಕೆ ಬೇಕು, ಅದು ಎಲ್ಲಿ ಗೆಲ್ಲತ್ತೆ ಎಲ್ಲಿ ಸೋಲತ್ತೆ ಅಂತ ಒಂದ್ಸಲ ಸರಿಯಾಗಿ ಅರ್ಥ ಆಗ್ಬಿಟ್ರೆ ಈ ಪ್ರಶ್ನೆಗೆ ಉತ್ತರ ತಾನಾಗೇ ಸಿಗತ್ತೆ. ಪರಿಸರ ಉಳಿಸಿ, ಮರ ಬೆಳೆಸಿ ಅಂತ ಸ್ಕೂಲ್‌ನಿಂದ ಕೇಳ್ಕೊಂಡು ಬಂದಿದೀವಿ, ಆದ್ರೆ ಒಂದು ಹಳೇ ಬಕೆಟ್ಟೋ ತುಕ್ಕು ಹಿಡಿದ ಕಿಟಕಿ ಸರಳೋ ಗುಜರಿಗೆ ಹೋದ್ರೆ ಎಲ್ಲಿ ಏನು ಉಳೀತು ಅಂತ ಯಾರೂ ಬಿಡಿಸಿ ಹೇಳಿಲ್ಲ. ಅದನ್ನೇ ಇಲ್ಲಿ ಹೇಳೋಕೆ ನೋಡ್ತೀನಿ, ನಮ್ಮ ಕರ್ನಾಟಕದ ಗುಡ್ಡ, ಕಾಡು, ಗಣಿಗಳನ್ನೇ ಇಟ್ಕೊಂಡು.

ಮೊದ್ಲು ಅದಿರು ಅಂದ್ರೆ ಏನು ಅಂತ ನೋಡ್ಬೇಕು. ಕಬ್ಬಿಣ ಅಪರೂಪದ ವಸ್ತು ಅಲ್ವೇ ಅಲ್ಲ, ಭೂಮಿಯ ಹೊರಪದರದಲ್ಲಿ ಸುಮಾರು ನೂರಕ್ಕೆ ಐದು ಭಾಗ ಕಬ್ಬಿಣಾನೇ, ನಮ್ಮ ಬಯಲುಸೀಮೆ ಮಣ್ಣು ಕೆಂಪಗಿರೋದೂ ಅದ್ರಿಂದಾನೇ. ಹಾಗಂತ ಹೊಲದ ಮಣ್ಣು ತಗೊಂಡು ಹೋಗಿ ಯಾರೂ ಕಬ್ಬಿಣ ಮಾಡಲ್ಲ, ಯಾಕಂದ್ರೆ ಅದು ಚದುರಿ ಹೋಗಿದೆ, ಅದನ್ನ ಒಂದು ಕಡೆ ಸೇರಿಸೋಕೆ ಆಗೋ ಖರ್ಚಿಗೆ ಕೊನೆ ಇರಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಹಾಗಿಲ್ಲ, ಅಲ್ಲಿ ಒಳ್ಳೇ ಅದಿರಲ್ಲಿ ನೂರಕ್ಕೆ ಅರವತ್ತು ಭಾಗಕ್ಕಿಂತಲೂ ಹೆಚ್ಚು ಕಬ್ಬಿಣ ಇರತ್ತೆ. ಆ ಕಲ್ಲುಗಳು 250 ಕೋಟಿ ವರ್ಷಕ್ಕಿಂತ ಹಳೇವು, ಹಳೇ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು, ಆಮೇಲೆ ಮಳೆ ಗಾಳಿಗೆ ಬೇಡದ್ದು ತೊಳ್ಕೊಂಡು ಹೋಗಿ ಬೇಕಾದ್ದು ಉಳ್ಕೊಂಡಿದ್ದು. ಅಂದ್ರೆ ಅದಿರು ಅನ್ನೋದು ಬರೀ ಲೋಹ ಅಲ್ಲ, ಪ್ರಕೃತಿ ಅಷ್ಟು ಕಾಲ ತಗೊಂಡು ಬೇರೆ ಮಾಡಿ ಒಂದು ಕಡೆ ಗುಡ್ಡೆ ಹಾಕಿಟ್ಟ ಲೋಹ. ನಮಗೆ ಬೆಲೆ ಬಾಳೋದು ಆ ಬೇರೆ ಮಾಡಿಟ್ಟ ಕೆಲ್ಸ.

ಇಲ್ಲೇ ಎಲ್ಲಾ ಗುಟ್ಟು ಇರೋದು. ಗಣಿಯಿಂದ ತೆಗೆದು, ಕರಗಿಸಿ, ಶುದ್ಧ ಮಾಡಿ, ಒಂದು ಸಾಮಾನು ಮಾಡಿ, ಬಳಸಿ, ಆಮೇಲೆ ಅದನ್ನ ಅನ್ನದ ಜೊತೆ ಪ್ಲಾಸ್ಟಿಕ್ ಜೊತೆ ಮಣ್ಣಿನ ಜೊತೆ ಸೇರಿಸಿ ಬಿಸಾಕಿದ್ವಿ ಅಂದ್ರೆ ಪ್ರಕೃತಿ ಕೋಟಿ ವರ್ಷ ಮಾಡಿದ ಕೆಲ್ಸಾನೂ ಕಾರ್ಖಾನೆ ಮಾಡಿದ ಕೆಲ್ಸಾನೂ ಒಂದೇ ಏಟಿಗೆ ಹಾಳು. ಒಂದು ಸೇರು ರಾಗಿಗೆ ಒಂದು ಹಿಡಿ ಸಾಸಿವೆ ಚೆಲ್ಲೋಕೆ ಒಂದು ಕ್ಷಣ ಸಾಕು, ಆರಿಸಿ ತೆಗೆಯೋಕೆ ಕೂತ್ರೆ ಇಡೀ ಮಧ್ಯಾಹ್ನ ಹೋಗತ್ತೆ. ರೀಸೈಕ್ಲಿಂಗ್ ಅನ್ನೋದು ಬೆರೆಯೋದಕ್ಕೆ ಮುಂಚೆ ತಡೆಯೋ ಕೆಲ್ಸ, ಬೆರೆತ ಮೇಲೆ ಬಿಡಿಸೋ ಕೆಲ್ಸ ಅಲ್ಲ. ಕರಗಿಸೋ ಮಷೀನು ಎಲ್ಲರ ಹತ್ರಾನೂ ಇದೆ, ಬೆರೆತದ್ದನ್ನ ಕಡಿಮೆ ಖರ್ಚಲ್ಲಿ ಪೂರ್ತಿ ಬಿಡಿಸೋ ಮಷೀನು ಯಾವ ದೇಶದಲ್ಲೂ ಇಲ್ಲ.

ಕಬ್ಬಿಣದಿಂದಾನೇ ಶುರು ಮಾಡೋಣ. ಒಂದು ಟನ್ ಹಳೇ ಕಬ್ಬಿಣ ಕರಗಿಸಿ ಉಕ್ಕು ಮಾಡಿದ್ರೆ ಒಂದು ಟನ್ನಿಗಿಂತ ಹೆಚ್ಚು ಅದಿರು ಮತ್ತೆ ಅರ್ಧ ಟನ್ನಿಗಿಂತ ಹೆಚ್ಚು ಕಲ್ಲಿದ್ದಲು ಉಳಿಯತ್ತೆ. ಆ ಕಲ್ಲಿದ್ದಲು ಸಾಮಾನ್ಯ ಕಲ್ಲಿದ್ದಲಲ್ಲ, ಉಕ್ಕಿಗೆ ಬೇಕಾದ ಕೋಕಿಂಗ್ ಕೋಲ್, ನಮ್ಮ ದೇಶಕ್ಕೆ ಅದರಲ್ಲಿ ಹೆಚ್ಚಿನ ಪಾಲು ಆಸ್ಟ್ರೇಲಿಯಾದಂಥ ಕಡೆಯಿಂದ ಹಡಗಲ್ಲಿ ಬರತ್ತೆ. ಇನ್ನು ಅದಿರಿನ ಕಥೆ ಬಳ್ಳಾರಿಯವರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. 2000ದ ನಂತರ ಚೀನಾದಲ್ಲಿ ಬೇಡಿಕೆ ಏರಿ ಅದಿರಿಗೆ ಚಿನ್ನದ ಬೆಲೆ ಬಂದಾಗ ಅಲ್ಲಿ ಏನಾಯ್ತು, ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿ ಏನು ಹೇಳ್ತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಯಾಕೆ ಬಳ್ಳಾರಿ ಗಣಿಗಾರಿಕೆ ನಿಲ್ಸಿ ಅಂತು ಅನ್ನೋದೆಲ್ಲಾ ನಮ್ಮ ಕಣ್ಣೆದುರೇ ನಡೆದದ್ದು. ಗುಡ್ಡ ಕರಗಿದ್ದು ಎಲ್ಲರಿಗೂ ಕಾಣಿಸ್ತು, ರಸ್ತೆ ಪಕ್ಕದ ಬೆಳೆ ಮೇಲೆ ಕೂತ ಕೆಂಪು ಧೂಳೂ ಕಾಣಿಸ್ತು. ಅಷ್ಟಾಗಿ ಕಾಣಿಸದೇ ಇರೋದು ಇನ್ನೊಂದಿದೆ. ತುಂಗಭದ್ರಾ ಡ್ಯಾಮ್ 1953ರಲ್ಲಿ ನೀರು ನಿಲ್ಸಿದಾಗ 133 ಟಿಎಂಸಿ ಹಿಡಿಯೋದು, ಈಗ ಅದು 106 ಟಿಎಂಸಿ ಆಸುಪಾಸಿಗೆ ಇಳಿದಿದೆ, ಉಳಿದ ಜಾಗ ಹೂಳು. ಹೂಳಿಗೆ ಕಾರಣ ಒಂದೇ ಅಲ್ಲ, ಕಾಡು ಕಡಿದದ್ದು, ಮೇಲಿನ ಹೊಲಗಳ ಮಣ್ಣು ಕೊಚ್ಕೊಂಡು ಬಂದದ್ದು ಎಲ್ಲಾ ಇದೆ, ಆದ್ರೆ ಗಣಿಯ ಸಡಿಲ ಮಣ್ಣೂ ಆ ಲೆಕ್ಕದಲ್ಲಿ ಸೇರಿದೆ. ಕಾಲುವೆಯ ಕೊನೇ ಭಾಗದ ರೈತನಿಗೆ ಎರಡನೇ ಬೆಳೆಗೆ ನೀರಿಲ್ಲ ಅನ್ನೋದ್ರಲ್ಲಿ ಈ ಕಬ್ಬಿಣದ್ದೂ ಒಂದು ಪಾಲಿದೆ ಅನ್ನೋದು ನನಗೆ ಅರ್ಥ ಆಗೋಕೆ ತುಂಬಾ ಕಾಲ ಬೇಕಾಯ್ತು.

ಕುದುರೆಮುಖದ್ದು ಇನ್ನೂ ಸ್ಪಷ್ಟ ಉದಾಹರಣೆ. ಅಲ್ಲಿನ ಅದಿರಲ್ಲಿ ಕಬ್ಬಿಣದ ಅಂಶ ನೂರಕ್ಕೆ ನಲವತ್ತೂ ಇರ್ಲಿಲ್ಲ, ಹಾಗಾಗಿ ಕಲ್ಲನ್ನ ಹಿಟ್ಟು ಮಾಡಿ, ಕಬ್ಬಿಣ ಇರೋ ಭಾಗವನ್ನ ಬೇರೆ ಮಾಡಿ, ನೀರಲ್ಲಿ ಕಲಸಿ ಪೈಪಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸೋರು. ಬೇಡದ ಹಿಟ್ಟನ್ನ ಏನ್ ಮಾಡೋದು? ಅದನ್ನ ತುಂಬೋಕೆ ಅಂತಲೇ ಮಳೆಕಾಡಿನ ಮಧ್ಯ ಲಖ್ಯಾ ಅನ್ನೋ ಒಂದು ಡ್ಯಾಮ್ ಕಟ್ಟಿದ್ರು. ಭದ್ರೆ ಹುಟ್ಟೋ ಜಾಗದ ಮಗ್ಗುಲಲ್ಲೇ ಇದೆಲ್ಲಾ ನಡೆದದ್ದು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತ್ರೂ ಆ ಹೂಳು ಇವತ್ತಿಗೂ ಅಲ್ಲೇ ಕೂತಿದೆ. ಗುಜರಿಯವರ ತಕ್ಕಡಿ ಮೇಲೆ ಕೂರೋ ಹಳೇ ಕಬ್ಬಿಣಕ್ಕೆ ಇಂಥ ಡ್ಯಾಮ್ ಬೇಕಾಗಲ್ಲ, ಇಷ್ಟೇ ವ್ಯತ್ಯಾಸ, ಆದ್ರೆ ಇದು ಚಿಕ್ಕ ವ್ಯತ್ಯಾಸ ಅಲ್ಲ.

ಕಬ್ಬಿಣದಲ್ಲೂ ಬೆರಕೆಯ ತೊಂದ್ರೆ ಇದೆ ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಹಳೇ ಮೋಟಾರ್, ಫ್ರಿಜ್ಜಿನ ಕಂಪ್ರೆಸರ್ ಅಂಥದ್ರಲ್ಲಿ ತಾಮ್ರದ ತಂತಿ ಇರತ್ತೆ, ಅದನ್ನ ಬಿಡಿಸದೆ ಹಾಗೇ ಕುಲುಮೆಗೆ ಹಾಕಿದ್ರೆ ತಾಮ್ರ ಉಕ್ಕಲ್ಲಿ ಕರಗಿ ಕೂತ್ಬಿಡತ್ತೆ, ಆಮೇಲೆ ಅದನ್ನ ತೆಗೆಯೋಕೆ ಆಗಲ್ಲ. ತಾಮ್ರ ಜಾಸ್ತಿ ಆದ ಉಕ್ಕನ್ನ ಬಿಸಿಯಲ್ಲಿ ತಟ್ಟಿದ್ರೆ ಮೇಲ್ಮೈ ಬಿರುಕು ಬಿಡತ್ತೆ, ಕಾರಿನ ಬಾಡಿಗೆ ಬೇಕಾದ ತೆಳು ಶೀಟ್‌ಗೆ ಅದು ನಾಲಾಯಕ್ಕು, ಬಿಲ್ಡಿಂಗ್ ಕಂಬಿಗೆ ಮಾತ್ರ ಆಗತ್ತೆ. ಗುಜರಿ ಅಂಗಡಿ ಮುಂದೆ ಸುತ್ತಿಗೆ ಉಳಿ ಹಿಡ್ಕೊಂಡು ದಿನವಿಡೀ ಮೋಟಾರ್ ಬಿಚ್ತಾ ಕೂತಿರೋ ಹುಡುಗರನ್ನ ನೋಡಿರ್ತೀರಿ, ತಾಮ್ರಕ್ಕೆ ರೇಟ್ ಜಾಸ್ತಿ ಅಂತ ಅವ್ರು ಬಿಚ್ಚೋದು ಹೌದು, ಆದ್ರೆ ಉಕ್ಕನ್ನ ಕಾಪಾಡ್ತಿರೋದೂ ಅವ್ರೇ.

ಅಲ್ಯೂಮಿನಿಯಂ ವಿಷಯದಲ್ಲಿ ಉಳಿಯೋದು ಮುಖ್ಯವಾಗಿ ಕರೆಂಟು. ನಾಲ್ಕೈದು ಟನ್ ಬಾಕ್ಸೈಟ್ ಮಣ್ಣಿಂದ ಎರಡು ಟನ್ ಅಲ್ಯೂಮಿನಾ ಪುಡಿ, ಆ ಪುಡಿಯಿಂದ ಒಂದು ಟನ್ ಅಲ್ಯೂಮಿನಿಯಂ. ಬೆಳಗಾವಿಯಲ್ಲಿ ಈ ಅಲ್ಯೂಮಿನಾ ಮಾಡೋ ದೊಡ್ಡ ಕಾರ್ಖಾನೆ ಇದೆ. ಪುಡಿಯಿಂದ ಲೋಹ ಬಿಡಿಸೋದು ವಿದ್ಯುತ್ತಿಂದ, ಒಂದು ಕೆಜಿಗೆ ಸುಮಾರು 14 ಯುನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಹೆಚ್ಚಂದ್ರೆ 200 ಯುನಿಟ್ ಸಿಗತ್ತಲ್ಲ, ಅಷ್ಟು ಕರೆಂಟಲ್ಲಿ ಹೊಸಾ ಅಲ್ಯೂಮಿನಿಯಂ ಹದಿನಾಲ್ಕು ಕೆಜಿ ಆಗತ್ತೆ ಅಷ್ಟೇ. ಅದೇ ಹಳೇ ಪಾತ್ರೆ, ಕಿಟಕಿ ಫ್ರೇಮು, ಜ್ಯೂಸ್ ಕ್ಯಾನು ಕರಗಿಸೋದಾದ್ರೆ 660 ಡಿಗ್ರಿಗೆ ಬಿಸಿ ಮಾಡಿದ್ರೆ ಸಾಕು, ಶಕ್ತಿ ಸುಮಾರು ನೂರಕ್ಕೆ 95 ಭಾಗ ಉಳಿಯತ್ತೆ. ಎಷ್ಟು ಸಲ ಕರಗಿಸಿದ್ರೂ ಲೋಹದ ಗುಣ ಕೆಡಲ್ಲ. ಅದಕ್ಕೇ ಯಾವ ಕಸದ ರಾಶಿಯಲ್ಲೂ ಅಲ್ಯೂಮಿನಿಯಂ ತುಂಡು ಉಳಿಯಲ್ಲ, ಯಾರಾದ್ರೂ ಆಯ್ದಿರ್ತಾರೆ. ಇಲ್ಲೂ ಬೆರಕೆ ಕಾಟ ತಪ್ಪಿದ್ದಲ್ಲ, ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿದ್ದೆಲ್ಲಾ ಕರಗಿಸಿ ಅಚ್ಚು ಹಾಕಿದ ಅಗ್ಗದ ಪಾತ್ರೆಗಳನ್ನ ಪರೀಕ್ಷೆ ಮಾಡಿದಾಗ ಸೀಸ ಸಿಕ್ಕಿದೆ, ಹಾಗಾಗಿ ಅಡುಗೆ ಪಾತ್ರೆ ತಗೊಳ್ವಾಗ ಗುರುತು ಪರಿಚಯ ಇಲ್ಲದ ಎರಕದ ಪಾತ್ರೆಗೆ ಹೋಗ್ಬೇಡಿ.

ಸೀಸ ಅಂದಾಗ ಇನ್ವರ್ಟರ್, ಗಾಡಿ ಬ್ಯಾಟರಿ ಬಗ್ಗೆ ಹೇಳ್ಲೇಬೇಕು. ಹಳೇದು ಕೊಟ್ಟು ಹೊಸದು ತಗೊಂಡ್ರೆ ದುಡ್ಡು ಕಡಿಮೆ ಮಾಡ್ತಾರಲ್ಲ, ಆ ಒಂದು ಏರ್ಪಾಡಿನಿಂದ ಸೀಸದ ಬ್ಯಾಟರಿ ಕಸಕ್ಕೆ ಹೋಗೋದೇ ಅಪರೂಪ, ಅಷ್ಟರ ಮಟ್ಟಿಗೆ ಇದು ಯಶಸ್ವಿ. ಆದ್ರೆ ಎಲ್ಲಿ ಕರಗಿಸ್ತಾರೆ ಅನ್ನೋದು ಮುಖ್ಯ. ಲೈಸೆನ್ಸ್ ಇಲ್ಲದ ಶೆಡ್ಡಲ್ಲಿ ಒಡೆದು, ಆಸಿಡ್ಡನ್ನ ಮೋರಿಗೆ ಬಿಟ್ಟು, ಬಯಲಲ್ಲಿ ಕರಗಿಸಿದ್ರೆ ಆ ಹೊಗೆ ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರತ್ತೆ. ನಮ್ಮ ದೇಶದಲ್ಲಿ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಮಿತಿಗಿಂತ ಜಾಸ್ತಿ ಇದೆ ಅಂತ 2020ರಲ್ಲಿ ಯುನಿಸೆಫ್ ವರದಿ ಅಂದಾಜು ಮಾಡ್ತು. ಸೀಸ ಮಕ್ಕಳ ಬುದ್ಧಿಶಕ್ತಿಯನ್ನೇ ತಿನ್ನೋ ವಿಷ, ಆಮೇಲೆ ಔಷಧಿ ಕೊಟ್ಟು ಸರಿ ಮಾಡೋಕೂ ಆಗಲ್ಲ. ರೀಸೈಕಲ್ ಆಯ್ತು ಅಂದ ಮಾತ್ರಕ್ಕೆ ಒಳ್ಳೇದಾಯ್ತು ಅಂತ ಅಲ್ಲ. ಬ್ಯಾಟರಿ ಹಾಕಿಸಿದ ಅಂಗಡಿಗೇ ವಾಪಸ್ ಕೊಡಿ, ಬಿಲ್ ಕೇಳಿ ತಗೊಳ್ಳಿ, ಬೀದಿಯಲ್ಲಿ ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂದವ್ರಿಗೆ ಕೊಡ್ಬೇಡಿ.

ಚಿನ್ನದ ವಿಷಯ ಇನ್ನೂ ಆಶ್ಚರ್ಯ. ಕೆಜಿಎಫ್‌ನಲ್ಲಿ ನೂರಿಪ್ಪತ್ತು ವರ್ಷ ಗಣಿ ನಡೆದು 800 ಟನ್ನಿಗೂ ಹೆಚ್ಚು ಚಿನ್ನ ತೆಗೆದ್ರು. ಶುರುವಲ್ಲಿ ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಂ ಮೇಲೆ ಸಿಗ್ತಿದ್ದದ್ದು ಕೊನೆಕೊನೆಗೆ ಕೆಲವೇ ಗ್ರಾಂಗೆ ಇಳೀತು, ಮೂರು ಕಿಲೋಮೀಟರ್ ಆಳಕ್ಕೆ ಹೋಗ್ಬೇಕಾಯ್ತು, ಖರ್ಚು ಗಿಟ್ಟದೆ 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ರು. ಊರ ತುಂಬಾ ಉಳಿದದ್ದು ಸೈನೈಡ್ ದಿಬ್ಬಗಳು, ಚಿನ್ನ ತೆಗೆದ ಮೇಲೆ ಮಿಕ್ಕ ಪುಡಿ, ಮೂರು ಕೋಟಿ ಟನ್ ಅಂತಾರೆ, ಗಾಳಿಗೆ ಎದ್ದು ಮನೆಮನೆಗೆ ಬರತ್ತೆ. ಈಗ ಇದರ ಪಕ್ಕ ಇನ್ನೊಂದು ಲೆಕ್ಕ ಇಡಿ, ಒಂದು ಟನ್ ಹಳೇ ಮೊಬೈಲ್ ಫೋನಲ್ಲಿ ಸಿಗೋ ಚಿನ್ನ ನೂರು ಗ್ರಾಂಗಿಂತ ಜಾಸ್ತಿ! ಕೆಜಿಎಫ್‌ನ ಶುರುವಿನ ಕಾಲದ ಅದಿರಿಗಿಂತಲೂ ಇದು ಶ್ರೀಮಂತ ಅದಿರು. ಟೋಕಿಯೋ ಒಲಿಂಪಿಕ್ಸ್‌ನ ಸುಮಾರು ಐದು ಸಾವಿರ ಪದಕಗಳಿಗೂ ಬೇಕಾದ ಚಿನ್ನ ಬೆಳ್ಳಿ ಕಂಚನ್ನ ಜಪಾನ್ ಜನ ಕೊಟ್ಟ ಹಳೇ ಫೋನು, ಕ್ಯಾಮೆರಾ, ಲ್ಯಾಪ್‌ಟಾಪ್‌ಗಳಿಂದಾನೇ ತೆಗೆದ್ರು, ಚಿನ್ನ ಮಾತ್ರ ಸುಮಾರು 32 ಕೆಜಿ. ನೀರಜ್ ಚೋಪ್ರಾ ಕತ್ತಲ್ಲಿದ್ದ ಪದಕದಲ್ಲೂ ಯಾರದೋ ಮನೆ ಡ್ರಾಯರ್‌ನಲ್ಲಿದ್ದ ಫೋನಿನ ಪಾಲಿದೆ. ಆದ್ರೆ ಲೋಕದ ಲೆಕ್ಕ ಇಷ್ಟು ಚೆನ್ನಾಗಿಲ್ಲ, 2022ರಲ್ಲಿ ಜಗತ್ತಲ್ಲಿ ಹುಟ್ಟಿದ ಇ-ಕಸ 6.2 ಕೋಟಿ ಟನ್, ಅದ್ರಲ್ಲಿ ಸರಿಯಾದ ಕಡೆ ಹೋಗಿ ಲೆಕ್ಕಕ್ಕೆ ಸಿಕ್ಕಿದ್ದು ನೂರಕ್ಕೆ 22 ಭಾಗ ಮಾತ್ರ.

ಪೇಪರ್ ಬಗ್ಗೆ ಉತ್ತರ ಕನ್ನಡದವ್ರು ಚೆನ್ನಾಗಿ ಬಲ್ರು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು, ಕಾಳಿ ನದಿ ನೀರು, ಸುತ್ತಲಿನ ಕಾಡಿನ ಬಿದಿರು, ಅದೂ ತೀರಾ ಕಡಿಮೆ ದರಕ್ಕೆ. ಬಿದಿರು ಹೂ ಬಿಟ್ಟು ಬೀಜ ಆಗೋದು ಹತ್ತಾರು ವರ್ಷಕ್ಕೆ ಒಂದ್ಸಲ, ಮಿಲ್‌ಗೆ ಅಷ್ಟೆಲ್ಲಾ ಕಾಯೋ ತಾಳ್ಮೆ ಎಲ್ಲಿಂದ, ಬುಟ್ಟಿ ಹೆಣೆಯೋ ಮೇದಾರರಿಗೆ ಬಿದಿರು ಸಿಗದಂಗಾಯ್ತು. ಹಳೇ ಪೇಪರ್‌ನಿಂದ ರಟ್ಟು, ಪ್ಯಾಕಿಂಗ್ ಡಬ್ಬ ಮಾಡೋ ಮಿಲ್‌ಗಳು ನಂಜನಗೂಡು ಕಡೆಯೂ ಇವೆ, ತಮಿಳುನಾಡಲ್ಲೂ ಇವೆ, ಅವಕ್ಕೆ ಕಾಡು ಬೇಡ, ನೀರೂ ಕಡಿಮೆ ಸಾಕು. ಆದ್ರೆ ಪೇಪರ್ ಲೋಹ ಅಲ್ಲ, ಪ್ರತಿ ಸಲ ಅರೆದಾಗಲೂ ಅದರ ನಾರು ತುಂಡಾಗ್ತಾ ಹೋಗತ್ತೆ, ಐದಾರು ಏಳು ಸಲಕ್ಕೆ ಮುಗೀತು. ಎಣ್ಣೆ ಹೀರಿದ ಬೋಂಡಾ ಪೇಪರ್ ನಾರು ನೀರಲ್ಲಿ ಸರಿಯಾಗಿ ಬಿಡಲ್ಲ. ಪೇಪರ್ ಲೋಟ ಅಂತ ಟೀ ಕುಡೀತೀವಲ್ಲ, ಅದರ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರತ್ತೆ, ಸಾಮಾನ್ಯ ಮಿಲ್‌ಗೆ ಅದು ಬೇಡ. ಅಂಗಡಿ ಬಿಲ್, ಎಟಿಎಂ ಚೀಟಿ ಕೂಡ ರಾಸಾಯನಿಕ ಸವರಿದ ಪೇಪರ್, ಅದನ್ನ ಹಳೇ ಪೇಪರ್ ಜೊತೆ ಸೇರಿಸ್ಬೇಡಿ.

ಇನ್ನು ಪ್ಲಾಸ್ಟಿಕ್. ಇದ್ರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ ಯಾಕಂದ್ರೆ ಇಲ್ಲೇ ಎಲ್ಲರೂ ಮೋಸ ಹೋಗಿರೋದು. ಪ್ಲಾಸ್ಟಿಕ್ ಅನ್ನೋದು ಒಂದು ವಸ್ತು ಅಲ್ಲ, ಹತ್ತಾರು ಬೇರೆ ಬೇರೆ ವಸ್ತುಗಳಿಗೆ ನಾವು ಇಟ್ಟಿರೋ ಒಂದೇ ಹೆಸರು. ಡಬ್ಬದ ತಳದಲ್ಲಿ ಮೂರು ಬಾಣದ ತ್ರಿಕೋನ, ಒಳಗೆ ನಂಬರ್ ಇರತ್ತಲ್ಲ, ಅದು ರೀಸೈಕಲ್ ಆಗತ್ತೆ ಅನ್ನೋ ಗ್ಯಾರಂಟಿ ಅಲ್ಲ, ಯಾವ ಜಾತಿ ಅಂತ ಹೇಳೋ ಗುರುತು ಅಷ್ಟೇ. ನೀರಿನ ಬಾಟಲ್ 1, ಶಾಂಪೂ ಬಾಟಲ್ ಸಾಮಾನ್ಯವಾಗಿ 2, ಪೈಪುಗಳ ಪಿವಿಸಿ 3, ಹಾಲಿನ ಕವರ್ 4, ಹೋಟೆಲ್ ಪಾರ್ಸೆಲ್ ಡಬ್ಬ ಹೆಚ್ಚಾಗಿ 5, ಥರ್ಮಾಕೋಲ್ 6, ಉಳಿದದ್ದೆಲ್ಲಾ 7. ಇವುಗಳಲ್ಲಿ ಒಂದರ ಜೊತೆ ಇನ್ನೊಂದು ಹೊಂದಲ್ಲ. ನೀರಿನ ಬಾಟಲ್ ಕರಗೋಕೆ ಸುಮಾರು 260 ಡಿಗ್ರಿ ಬೇಕು, ಅಷ್ಟು ಬಿಸಿಗೆ ಪಿವಿಸಿ ಸುಟ್ಟು ಆಸಿಡ್ ಬಿಡತ್ತೆ, ಒಂದು ದೊಡ್ಡ ರಾಶಿ ಒಳ್ಳೇ ಬಾಟಲಲ್ಲಿ ಸ್ವಲ್ಪವೇ ಪಿವಿಸಿ ಚೂರು ಸೇರಿದ್ರೂ ಇಡೀ ರಾಶಿ ಹಳದಿ ತಿರುಗಿ ಪೆಡಸಾಗತ್ತೆ.

ಬೆಂಗಳೂರಿನ ನಾಯಂಡಹಳ್ಳಿ ಕಡೆ ಪ್ಲಾಸ್ಟಿಕ್ ಗೋಡೌನ್‌ಗಳಲ್ಲಿ ಇದನ್ನ ಬೇರೆ ಮಾಡೋದು ಕೈಯಲ್ಲೇ. ಮುಟ್ಟಿ ನೋಡಿ, ಮಡಚಿ ನೋಡಿ, ಕೆಲವು ಸಲ ಸುಟ್ಟು ವಾಸನೆ ನೋಡಿ ಯಾವ ಜಾತಿ ಅಂತ ಹೇಳ್ತಾರೆ. ಆಮೇಲೆ ಚೂರು ಮಾಡಿ ನೀರಿನ ತೊಟ್ಟಿಗೆ ಹಾಕಿದ್ರೆ 2, 4, 5 ತೇಲತ್ತೆ, 1 ಮತ್ತೆ 3 ಮುಳುಗತ್ತೆ. ಹೆಣ್ಣುಮಕ್ಕಳು ದಿನವಿಡೀ ನೆಲದ ಮೇಲೆ ಕೂತು ಮಾಡೋ ಈ ಕೆಲ್ಸಕ್ಕೆ ಕಲಿಕೆ ಬೇಕು, ಕಣ್ಣು ಬೇಕು, ಇದನ್ನ ಕೌಶಲ ಅಂತ ನಾವು ಒಪ್ಕೊಳ್ಳೋದೇ ಇಲ್ಲ ಅನ್ನೋದು ನನಗೆ ಬೇಜಾರಿನ ವಿಷಯ. ಹೀಗೆ ಬೇರೆ ಆದ ನೀರಿನ ಬಾಟಲ್ ಹೆಚ್ಚಾಗಿ ಪಾಲಿಯೆಸ್ಟರ್ ನೂಲಾಗತ್ತೆ, ಟೀ ಶರ್ಟೋ ದಿಂಬಿನ ಹತ್ತಿಯೋ ಆಗತ್ತೆ, ಮತ್ತೆ ಬಾಟಲ್ ಆಗೋದು ಕಡಿಮೆ. ಹಾಲಿನ ಕವರ್ ಕಪ್ಪು ಪೈಪು, ಕಸದ ಚೀಲ ಆಗತ್ತೆ. ಆ ಟೀ ಶರ್ಟು, ಆ ಕಸದ ಚೀಲ ಅಲ್ಲಿಂದಾಚೆಗೆ ಎಲ್ಲಿಗೂ ಹೋಗಲ್ಲ. ಅಂದ್ರೆ ಲೋಹದಲ್ಲಿ ಆಗೋದು ಚಕ್ರ, ಪ್ಲಾಸ್ಟಿಕ್‌ನಲ್ಲಿ ಆಗೋದು ಒಂದೆರಡು ಮೆಟ್ಟಿಲು ಇಳಿಯೋದು.

ಚಿಪ್ಸ್ ಪ್ಯಾಕೆಟ್ಟು, ಶಾಂಪೂ ಸ್ಯಾಶೆ, ಬಿಸ್ಕೆಟ್ ರ್‍ಯಾಪರ್‌ಗಳಂತೂ ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ, ಅದ್ರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಅಂಟಿಸಿ ಮಾಡಿದ್ದು, ಅಂದ್ರೆ ಕಾರ್ಖಾನೆಯಲ್ಲೇ ಬೆರೆಸಿ ನಮ್ಮ ಕೈಗೆ ಕೊಡ್ತಾರೆ. ನಾವೆಷ್ಟೇ ತೊಳೆದು ಒಣಗಿಸಿ ಕೊಟ್ರೂ ಅದನ್ನ ಬಿಡಿಸೋಕಾಗಲ್ಲ, ಗುಜರಿಯವ್ರು ಮುಟ್ಟೋದೂ ಇಲ್ಲ. ಸಿಟಿಯಿಂದ ಅಂಥದ್ದನ್ನ ಲಾರಿಯಲ್ಲಿ ತುಂಬಿ ಸಿಮೆಂಟ್ ಫ್ಯಾಕ್ಟರಿಗಳಿಗೆ ಕಳಿಸ್ತಾರೆ, ಅಲ್ಲಿ ಕಲ್ಲಿದ್ದಲ ಬದಲು ಕುಲುಮೆಯಲ್ಲಿ ಉರಿಸ್ತಾರೆ. ಬಯಲಲ್ಲಿ ಸುಡೋದಕ್ಕಿಂತ ಇದು ಎಷ್ಟೋ ವಾಸಿ, ಆದ್ರೆ ಇದನ್ನ ರೀಸೈಕಲ್ ಅಂತ ಕರೀಬಾರ್ದು, ಇದು ಸುಡೋದೇ. 1950ರಿಂದ 2015ರವರೆಗೆ ಜಗತ್ತಲ್ಲಿ ಹುಟ್ಟಿದ ಪ್ಲಾಸ್ಟಿಕ್ ಕಸದಲ್ಲಿ ರೀಸೈಕಲ್ ಆಗಿದ್ದು ನೂರಕ್ಕೆ ಒಂಬತ್ತು ಭಾಗ ಅಷ್ಟೇ ಅಂತ 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಕ್ಕ ಕೊಟ್ರು. ಹಾಗಾಗಿ ಪ್ಲಾಸ್ಟಿಕ್ ವಿಷಯದಲ್ಲಿ ನನ್ನ ಮಾತು ನೇರ, ಇದನ್ನ ರೀಸೈಕಲ್ ಮಾಡಿ ಗೆಲ್ಲೋಕಾಗಲ್ಲ, ಕಡಿಮೆ ತಗೊಂಡೇ ಗೆಲ್ಬೇಕು. ಕರ್ನಾಟಕದಲ್ಲಿ 2016ರ ಮಾರ್ಚಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗು, ತಟ್ಟೆ, ಲೋಟ, ಬ್ಯಾನರ್ ನಿಷೇಧ ಆಯ್ತು, ದೇಶದಲ್ಲಿ 2022ರ ಜುಲೈ 1ರಿಂದ ಒಂದ್ಸಲ ಬಳಸಿ ಬಿಸಾಕೋ ಕೆಲವು ಸಾಮಾನಿನ ನಿಷೇಧ ಆಯ್ತು, ಸಂತೆಯಲ್ಲಿ ಸೊಪ್ಪು ಇನ್ನೂ ಅದೇ ತೆಳ್ಳನೆ ಕವರಲ್ಲೇ ಬರ್ತಿದೆ. ಬಟ್ಟೆ ಚೀಲ ಗಾಡಿ ಡಿಕ್ಕಿಯಲ್ಲೇ ಒಂದು ಬಿದ್ದಿರ್ಲಿ, ಮನೆಯಲ್ಲಿಟ್ರೆ ಮರೆತು ಹೋಗತ್ತೆ.

ಹಾಲಿನ ಕವರ್ ಬಗ್ಗೆ ಒಂದು ಸಣ್ಣ ವಿಷಯ, ಮೂಲೆ ಕತ್ತರಿಸುವಾಗ ಪೂರ್ತಿ ತುಂಡು ಮಾಡ್ಬೇಡಿ, ಅರ್ಧ ಸೀಳಿ ಕವರಿಗೇ ಅಂಟ್ಕೊಂಡಿರೋ ಹಾಗೆ ಬಿಡಿ. ಬೇರೆಯಾದ ಆ ಬೆರಳುಗುರಷ್ಟು ಚೂರನ್ನ ಯಾರೂ ಆಯೋಕಾಗಲ್ಲ, ಅದು ನೇರ ಮೋರಿಗೆ, ಅಲ್ಲಿಂದ ಕೆರೆಗೆ ಹೋಗತ್ತೆ. ದಿನಕ್ಕೆ ಲಕ್ಷಾಂತರ ಕವರ್ ಹಾಲು ಮಾರೋ ರಾಜ್ಯದಲ್ಲಿ ಆ ಚೂರಿನ ಲೆಕ್ಕ ನೀವೇ ಹಾಕ್ಕೊಳ್ಳಿ.

ಇಷ್ಟೆಲ್ಲಾ ಹೇಳಿದ ಮೇಲೆ ನನ್ನ ಪ್ರಕಾರ ಎಲ್ಲದಕ್ಕಿಂತ ಮುಖ್ಯವಾದದ್ದು ಹಸಿ ಕಸ. ವಿಚಿತ್ರ ಅನ್ನಿಸ್ಬಹುದು, ಗುಜರಿ ವಿಷಯದಲ್ಲಿ ಅನ್ನ ಸಾರು ಯಾಕೆ ಬಂತು ಅಂತ. ನಮ್ಮ ಊರುಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಹಸಿ ಕಸದ್ದು, ಅದೇ ಎಲ್ಲವನ್ನೂ ಹಾಳು ಮಾಡೋದು. ಸಾರು ಸುರಿದ ಪೇಪರ್ ಪೇಪರಲ್ಲ, ಮೊಸರನ್ನ ಮೆತ್ತಿದ ಕವರ್ ಯಾರಿಗೂ ಬೇಡ. ಆ ಕಡೆ ಗಾಜಿನ ಚೂರು, ಬ್ಯಾಟರಿ, ಪ್ಲಾಸ್ಟಿಕ್ ಬೆರೆತ ಹಸಿ ಕಸದಿಂದ ಆದ ಗೊಬ್ಬರ ಯಾವ ರೈತನಿಗೂ ಬೇಡ. ಬೇರೆ ಬೇರೆ ಇದ್ದಾಗ ಎರಡೂ ಬೆಲೆ ಬಾಳೋವು, ಸೇರಿದ್ರೆ ಎರಡೂ ಕಸ. ಆಮೇಲೆ ಅದು ರಾಶಿಯಾಗಿ ಗಾಳಿಯಾಡದೆ ಕೊಳೆತು ಮೀಥೇನ್ ಬಿಡತ್ತೆ, ಭೂಮಿ ಬಿಸಿ ಮಾಡೋದ್ರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು ಜೋರು. ಕೆಳಗೆ ಇಳಿಯೋ ಕಪ್ಪು ರಸ ಬೋರ್‌ವೆಲ್ ಸೇರತ್ತೆ. ಮಾವಳ್ಳಿಪುರ, ಮಂಡೂರಿನ ಜನ ಬೆಂಗಳೂರಿನ ಕಸದ ಲಾರಿ ತಡೆದು ನಿಂತದ್ದು ಇದಕ್ಕೇ. 2012ರಲ್ಲಿ ಮಾವಳ್ಳಿಪುರದ ಕಸ ಸುರಿಯೋ ಜಾಗ ಮುಚ್ಚಿ ಬೆಂಗಳೂರು ತುಂಬಾ ಕಸ ನಾರಿದ್ದು ನೆನಪಿರಬಹುದು, ಮಂಡೂರಿಗೂ 2014ರ ಕೊನೆಗೆ ಲಾರಿ ನಿಂತ್ವು. ಆಮೇಲೆ ಹೈಕೋರ್ಟ್ ಹೇಳಿ 2015ರ ಡಿಸೆಂಬರ್‌ನಲ್ಲಿ ಎರಡು ಬಕೆಟ್ ಒಂದು ಬ್ಯಾಗ್ ಅನ್ನೋ ಪದ್ಧತಿ ಬಂತು, ಹಸಿ ಕಸಕ್ಕೆ ಹಸಿರು ಬಕೆಟ್, ಪ್ಯಾಡು, ಡೈಪರ್, ಬ್ಯಾಂಡೇಜಿಗೆ ಕೆಂಪು ಬಕೆಟ್, ಒಣ ಕಸಕ್ಕೆ ಚೀಲ. ಕೋರ್ಟ್ ಕೇಳಿದ್ದು ಇಷ್ಟನ್ನೇ, ಬೆರೆಸ್ಬೇಡಿ ಅಂತ.

ಹಸಿ ಕಸದಲ್ಲೂ ಗಣಿ ಇದೆ ಅನ್ನೋದು ನಾವು ಮರೆಯೋ ವಿಷಯ. ಮಾಲೂರಿಂದ, ಹೊಸಕೋಟೆಯಿಂದ ಬರೋ ತರಕಾರಿ ಜೊತೆ ಆ ಹೊಲದ ಪೊಟ್ಯಾಷ್, ರಂಜಕವೂ ಸಿಟಿಗೆ ಬರತ್ತೆ. ಪೊಟ್ಯಾಷ್ ಗೊಬ್ಬರ ನಮ್ಮ ದೇಶಕ್ಕೆ ಹೆಚ್ಚುಕಡಿಮೆ ಪೂರ್ತಿ ಹೊರಗಿನ ದೇಶದ ಗಣಿಯಿಂದಾನೇ ಬರತ್ತೆ, ರಂಜಕದ ಕಲ್ಲೂ ಬಹುಪಾಲು ಹೊರಗಿಂದ. ಸಿಪ್ಪೆ, ನಾರು, ಮಿಕ್ಕ ಅನ್ನ ಕಾಂಪೋಸ್ಟ್ ಆಗಿ ವಾಪಸ್ ಹೊಲಕ್ಕೆ ಹೋದ್ರೆ ಅಷ್ಟು ಮಟ್ಟಿಗೆ ಹಡಗಲ್ಲಿ ತರಿಸೋದು ತಪ್ಪಿತು. 1975ರಲ್ಲೇ ಬೆಂಗಳೂರಿನ ಕಸದಿಂದ ಗೊಬ್ಬರ ಮಾಡೋಕೆ ಅಂತ ರಾಜ್ಯ ಸರ್ಕಾರ ಕೂಡ್ಲುವಿನಲ್ಲಿ ಕಾಂಪೋಸ್ಟ್ ನಿಗಮ ಶುರು ಮಾಡಿತ್ತು, ಅಂದ್ರೆ ತಿಳುವಳಿಕೆ ಹೊಸದಲ್ಲ. ಮನೆಯಲ್ಲಿ ಮಾಡೋರಿಗೆ ಒಂದು ಮಾತು, ವಾಸನೆ ಬರ್ತಿದೆ ಅಂದ್ರೆ ನೀರು ಜಾಸ್ತಿ ಆಗಿದೆ ಅಂತ, ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಹಾಕಿ ಕಲಸಿ, ಗಾಳಿ ಆಡ್ಲಿ, ಎರಡು ದಿನಕ್ಕೆ ವಾಸನೆ ಹೋಗತ್ತೆ.

ಎಲ್ಲಾ ಒಂದೇ ಲಾರಿಗೆ ಸುರೀತಾರೆ ಅನ್ನೋ ಪ್ರಶ್ನೆಗೆ ಈಗ ಬರ್ತೀನಿ. ಒಣ ಕಸ ಆ ಲಾರಿಗೆ ಮುಟ್ಟೋಕೆ ಮುಂಚೆ ಎಷ್ಟೋ ಕೈ ದಾಟಿರತ್ತೆ. ಕಸದ ಆಟೋದವರು ಅಲ್ಲೇ ಬಾಟಲು ರಟ್ಟು ಬೇರೆ ಇಡ್ತಾರೆ, ಅದು ಅವ್ರ ಚಿಕ್ಕ ಸಂಪಾದನೆ. ಚಿಂದಿ ಆಯೋರು, ಬೀದಿ ಗುಜರಿ, ಅಲ್ಲಿಂದ ಪೇಪರಾದ್ರೆ ಜಾಲಿ ಮೊಹಲ್ಲಾದಂಥ ಕಡೆಯ ದೊಡ್ಡ ವ್ಯಾಪಾರಿ, ಆಮೇಲೆ ಮಿಲ್ಲು. ಬೆಂಗಳೂರಲ್ಲಿ ವಾರ್ಡ್‌ಗಳಲ್ಲಿ ಒಣಕಸ ಸಂಗ್ರಹಣಾ ಕೇಂದ್ರ ಅಂತ ಇವೆ, ಸುಮಾರು ಕಡೆ ನಡೆಸ್ತಿರೋದು ಒಂದು ಕಾಲಕ್ಕೆ ಬೀದಿಯಲ್ಲಿ ಚಿಂದಿ ಆಯ್ತಿದ್ದೋರೇ, ಅವ್ರಿಗೆ ಪಾಲಿಕೆ ಗುರುತಿನ ಚೀಟಿ ಕೊಡೋ ಹಾಗೆ ಆಗಿದ್ದು, ಹಸಿರು ದಳದಂಥ ಸಂಸ್ಥೆಗಳು ಅವ್ರ ಜೊತೆ ನಿಂತದ್ದು ಈ ಊರಿನ ಹೆಮ್ಮೆ. ನೀವು ಬೇರೆ ಮಾಡಿ ಕೊಟ್ಟ ಚೀಲ ಲಾರಿಗೆ ಹೋಗೋ ಮುಂಚೆ ಇವರಲ್ಲಿ ಒಬ್ಬರ ಕೈಗೆ ಒಣಗಿ ಸಿಕ್ಕಿದ್ರೂ ಸಾಕು, ಅದು ಉಳೀತು. ಬೆರೆಸಿ ಕೊಟ್ರೆ ಅದೇ ಕೈ ಕೊಳೆತ ಅನ್ನದಲ್ಲಿ, ಒಡೆದ ಗಾಜಲ್ಲಿ ತಡಕಾಡ್ಬೇಕು. ಬ್ಲೇಡು, ಗಾಜು ಪೇಪರಲ್ಲಿ ಸುತ್ತಿ ಕೊಡಿ, ಪ್ಯಾಡನ್ನ ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಡಿ. ಲಾರಿಯಲ್ಲಿ ಎಲ್ಲಾ ಬೆರೆಸ್ತಿರೋದು ಕಣ್ಣಿಗೆ ಬಿದ್ರೆ ಫೋಟೋ ತೆಗೆದು ದೂರು ಕೊಡಿ, ಆ ಕೋಪಕ್ಕೆ ಮನೆಯಲ್ಲಿ ಬೆರೆಸೋಕೆ ಶುರು ಮಾಡ್ಬೇಡಿ.

ಇದೆಲ್ಲಕ್ಕಿಂತ ಮುಂಚಿನ ಹೆಜ್ಜೆ ಒಂದಿದೆ, ಇರೋದನ್ನ ಜಾಸ್ತಿ ದಿನ ಬಳಸೋದು. ಮೊಬೈಲು ತಯಾರಾಗುವಾಗಲೇ ಅದರ ಜೀವಮಾನದ ಮಾಲಿನ್ಯದಲ್ಲಿ ಹೆಚ್ಚಿನ ಪಾಲು ಆಗಿ ಹೋಗಿರತ್ತೆ, ನಾವು ಚಾರ್ಜ್ ಹಾಕೋದು ಅದ್ರ ಮುಂದೆ ಕಡಿಮೆ. ಹಾಗಾಗಿ ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ಓಡಿಸಿದ್ರೆ ಅದು ರೀಸೈಕಲ್‌ಗಿಂತ ದೊಡ್ಡ ಉಳಿತಾಯ. ಮಿಕ್ಸಿ ಜಾರ್‌ಗೆ ಬುಷ್ ಹಾಕಿಸೋದು, ಕುಕ್ಕರ್‌ಗೆ ಗ್ಯಾಸ್ಕೆಟ್ ಬದಲಿಸೋದು, ಚಪ್ಪಲಿಗೆ ಹೊಲಿಗೆ ಹಾಕಿಸೋದು ನಮ್ಮ ಅಜ್ಜಿ ತಾತಂದಿರಿಗೆ ಯಾರೂ ಪಾಠ ಮಾಡಿರ್ಲಿಲ್ಲ. ರಿಪೇರಿ ಅಂಗಡಿ ಉಳಿದಿರೋ ಬೀದಿಯಲ್ಲಿದ್ರೆ ಅಲ್ಲಿಗೆ ಕೆಲ್ಸ ಕೊಡಿ.

ಕೊನೇದಾಗಿ ಡ್ರಾಯರ್‌ನಲ್ಲಿರೋ ಹಳೇ ಫೋನು, ಪವರ್ ಬ್ಯಾಂಕ್ ವಿಷಯ. ಅದ್ರಲ್ಲಿರೋ ಲಿಥಿಯಂ ಈಗ ಎಲ್ಲಾ ದೇಶಕ್ಕೂ ಬೇಕು, ಎಲೆಕ್ಟ್ರಿಕ್ ಸ್ಕೂಟರ್‌ನಿಂದ ಹಿಡಿದು ಎಲ್ಲದಕ್ಕೂ ಅದೇ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಹತ್ರ ಲಿಥಿಯಂ ಇದೆ ಅಂತ ಅಣುಶಕ್ತಿ ಇಲಾಖೆಯವರು ಪತ್ತೆ ಮಾಡಿದಾರೆ, ಸದ್ಯದ ಅಂದಾಜು 1,600 ಟನ್, ಅಂದ್ರೆ ತುಂಬಾ ಏನಲ್ಲ. ನಾಳೆ ಅಲ್ಲಿ ಅಗೀಬೇಕಾ ಬೇಡ್ವಾ ಅನ್ನೋ ಪ್ರಶ್ನೆ ಬಂದೇ ಬರತ್ತೆ, ಅಷ್ಟೊತ್ತಿಗೆ ಮನೆಗಳಲ್ಲಿ ಬಿದ್ದಿರೋ ಬ್ಯಾಟರಿಗಳನ್ನ ಸೇರಿಸೋ ದಾರಿ ಆಗಿರ್ಬೇಕು ಅನ್ನೋದು ನನ್ನ ಆಸೆ. 2022ರ ಹೊಸ ನಿಯಮದ ಪ್ರಕಾರ ಬ್ಯಾಟರಿ ಮಾರೋ ಕಂಪನಿಗಳೇ ಹಳೇದನ್ನ ವಾಪಸ್ ತಗೊಂಡು ರೀಸೈಕಲ್ ಮಾಡಿಸ್ಬೇಕು, ಅಂಗಡಿಯಲ್ಲಿ ಕೇಳಿ. ಕೊಡೋ ಮುಂಚೆ ಸಿಮ್, ಮೆಮೊರಿ ಕಾರ್ಡ್ ತೆಗೀರಿ, ಫೋನ್ ರಿಸೆಟ್ ಮಾಡಿ. ಉಬ್ಬಿರೋ ಬ್ಯಾಟರಿಯನ್ನ ಚುಚ್ಚೋದು, ಒತ್ತೋದು ಮಾಡ್ಬೇಡಿ, ಬಿಡಿ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ ಬೇರೆ ಡಬ್ಬದಲ್ಲಿಡಿ. ಒಣ ಕಸದ ಚೀಲಕ್ಕಂತೂ ಹಾಕ್ಲೇಬೇಡಿ, ಲಾರಿಯಲ್ಲಿ ಅಮುಕಿದಾಗ ಅದು ಹೊತ್ಕೊಂಡ್ರೆ ಉರಿಯೋದು ಇಡೀ ಬೀದಿಯವರು ಬೇರೆ ಮಾಡಿ ಕೊಟ್ಟ ಪೇಪರ್ರು, ಪಕ್ಕದಲ್ಲಿ ನಿಂತಿರೋದು ಅದನ್ನ ತುಂಬ್ತಿರೋ ಮನುಷ್ಯ.